ಇಸಿಯಲ್ಲಿ ಕಾಣದ ಸಂಗತಿಗಳು

ಊರಾಚೆ ಒಂದು ಥರ್ಟಿ-ಫಾರ್ಟಿ ಸೈಟು ಕೊಂಡಿಟ್ಟರೆ ಮುಂದೆ ಮಕ್ಕಳ ಓದಿಗೋ ಮದುವೆಗೋ ಆದೀತು ಎಂದು ಹೊರಟವರಿಗೆ ಬ್ರೋಕರ್ ಮೊದಲು ಹೇಳುವ ಮಾತು, ‘ಇಸಿ ಕ್ಲೀನ್ ಇದೆ ಸಾರ್.’ ಇಸಿ, ಅಂದರೆ ಋಣಭಾರ ಪ್ರಮಾಣಪತ್ರ, ಬೇಕೇ ಬೇಕು. ಕಾವೇರಿ ಪೋರ್ಟಲ್‌ನಲ್ಲಿ ಅದನ್ನು ಮನೆಯಲ್ಲೇ ಕೂತು ತೆಗೆಯಬಹುದು. ಆದರೆ ಅದು ನೋಂದಣಿಯಾದ ಪತ್ರಗಳ ಪಟ್ಟಿ ಮಾತ್ರ. ವಹಿವಾಟು ನಡೆದಿದ್ದರೆ ಫಾರಂ 15 ಬರುತ್ತದೆ, ಇಲ್ಲದಿದ್ದರೆ ಫಾರಂ 16. ಸರ್ವೆ ನಂಬರು ತಪ್ಪಾಗಿ ಕೊಟ್ಟರೂ ಫಾರಂ 16 ಬರಬಹುದು.

ನೋಂದಣಿಯಾಗದೆಯೂ ಆಸ್ತಿಗೆ ಹಕ್ಕುದಾರರು ಹುಟ್ಟಿಕೊಳ್ಳುತ್ತಾರೆ. 1987ರಲ್ಲಿ ತಂದೆ ಜಮೀನು ಕೊಂಡರು, 2012ರಲ್ಲಿ ಇಬ್ಬರು ಗಂಡುಮಕ್ಕಳು ಮಾರಿದರು ಎಂದು ಇಸಿಯ ಎರಡು ಸಾಲು ಹೇಳುತ್ತವೆ ಎಂದಿಟ್ಟುಕೊಳ್ಳಿ. ನಡುವೆ ತಂದೆ ತೀರಿಕೊಂಡದ್ದು, ಮನೆಯಲ್ಲಿ ಮೂವರು ಹೆಣ್ಣುಮಕ್ಕಳಿದ್ದದ್ದು ಅಲ್ಲಿ ಕಾಣುವುದಿಲ್ಲ. ಹಿಂದೂ ಕುಟುಂಬದಲ್ಲಿ ತಂದೆ ಉಯಿಲು ಬರೆಯದೆ ಹೋದರೆ ಸ್ವಯಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು. ಅದು 1956ರಿಂದಲೂ ಇರುವ ಕಾನೂನು. ಪಿತ್ರಾರ್ಜಿತದಲ್ಲಿ 2005ರ ತಿದ್ದುಪಡಿ ಆಕೆಗೆ ಹುಟ್ಟಿನಿಂದಲೇ ಹಕ್ಕು ಕೊಟ್ಟಿದೆ. ತಿದ್ದುಪಡಿಯ ಹೊತ್ತಿಗೆ ತಂದೆ ಬದುಕಿರಲೇಬೇಕೆಂದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಪೌತಿ ಖಾತೆ ಅಣ್ಣತಮ್ಮಂದಿರ ಹೆಸರಿಗೆ ಆಗಿದೆ ಎಂದರೆ ಸಾಲದು. ಖಾತೆ ಒಡೆತನದ ಪತ್ರವಲ್ಲ. ವಂಶವೃಕ್ಷ ಕೇಳಿ. ಅದರಲ್ಲಿರುವ ಒಬ್ಬೊಬ್ಬ ಹೆಣ್ಣುಮಗಳ ಹೆಸರಿನ ಮೇಲೂ ಬೆರಳಿಟ್ಟು, ಕ್ರಯಪತ್ರದಲ್ಲಿ ಆಕೆಯ ಸಹಿ ಇದೆಯೇ, ಇಲ್ಲವೇ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಇದೆಯೇ ನೋಡಿ. ‘ಅಕ್ಕತಂಗಿಯರು ಏನೂ ಕೇಳಲ್ಲ ಬಿಡಿ’ ಎಂಬ ಮಾತಿಗೆ ಮುಂಗಡ ಕೊಡಬೇಡಿ. ಆ ಪಾಲು ಅವರದು.

ಇಸಿ ಹೇಳದ ಇನ್ನೊಂದು ಸಂಗತಿ ಪಿಟಿಸಿಎಲ್. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಅನುಮತಿಯಿಲ್ಲದೆ ಮಾರುವಂತಿಲ್ಲ ಎನ್ನುತ್ತದೆ 1978ರ ಈ ಕಾಯ್ದೆ. ಮಾರಿದ್ದರೆ ಕ್ರಯವೇ ಅಸಿಂಧು. ನಾಲ್ಕನೇ ಕೈಯಿಂದ ಕೊಂಡವರೂ ಬಿಟ್ಟುಕೊಡಬೇಕಾದೀತು. ಹಳೆಯ ಪ್ರಕರಣ ಎಂದು ತಪ್ಪಿಸಿಕೊಳ್ಳದಂತೆ 2023ರ ತಿದ್ದುಪಡಿ ಕಾಲಮಿತಿಯ ಅಡ್ಡಿಯನ್ನೂ ತೆಗೆದುಹಾಕಿತು. ಬಡವರ ಭೂಮಿ ಅವರ ಕೈಯಲ್ಲೇ ಉಳಿಯಲಿ ಎಂದು ಮಾಡಿದ ಕಾನೂನು ಇದು, ನನ್ನ ಮಟ್ಟಿಗೆ ನ್ಯಾಯವಾದದ್ದು. ಕೊಳ್ಳುವವರು ಮಾಡಬೇಕಾದ್ದು ಇಷ್ಟೇ: ಹಳೆಯ ಕೈಬರಹದ ಪಹಣಿ, ಮ್ಯುಟೇಶನ್ ತೆಗೆಸಿ, ಜಮೀನು ಮೂಲದಲ್ಲಿ ಮಂಜೂರಾತಿಯಿಂದ ಬಂದದ್ದೇ ಎಂದು ತಾಲ್ಲೂಕು ಕಚೇರಿಯಲ್ಲಿ ವಿಚಾರಿಸುವುದು.

ಭೂ ಪರಿವರ್ತನೆಯಾಗದ ರೆವಿನ್ಯೂ ಸೈಟು ಅಗ್ಗಕ್ಕೆ ಸಿಗುತ್ತದೆ, ಬ್ಯಾಂಕ್ ಸಾಲ ಸಿಗುವುದು ಕಷ್ಟ. ಬರೀ ಜಿಪಿಎ, ಅಂದರೆ ಸಾಮಾನ್ಯ ಅಧಿಕಾರ ಪತ್ರದ ಮೇಲೆ ಕೊಂಡರೆ ಒಡೆತನ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ.

ಇನ್ನು ದುಡ್ಡಿನ ಮಾತು. 60 ಲಕ್ಷದ ಸೈಟನ್ನು ಪತ್ರದಲ್ಲಿ 40 ಲಕ್ಷ ಎಂದು ತೋರಿಸಿ, ಉಳಿದದ್ದನ್ನು ‘ಬ್ಲ್ಯಾಕ್’ನಲ್ಲಿ ಕೊಡಿ ಎನ್ನುವವರಿದ್ದಾರೆ. ಅದು ಅಪರಾಧ ಎಂಬುದು ಒಂದು ಕಡೆ, ನಷ್ಟವೂ ಹೌದು. ಮುಂದೆ ಅದೇ ಸೈಟನ್ನು ನೀವು 90 ಲಕ್ಷಕ್ಕೆ ಮಾರಿದಾಗ ಲಾಭ 30 ಲಕ್ಷವಲ್ಲ, ಕಾಗದದ ಪ್ರಕಾರ 50 ಲಕ್ಷ. ಎರಡು ವರ್ಷ ಮೀರಿ ಇಟ್ಟುಕೊಂಡ ಆಸ್ತಿಯ ಲಾಭಕ್ಕೆ ಈಗ ತೆರಿಗೆ 12.5%. ಮಾರಿದವರು ಉಳಿಸಿಕೊಂಡ ತೆರಿಗೆಯ ಬದಲು ನೀವು ಎರಡೂವರೆ ಲಕ್ಷ ಹೆಚ್ಚು ಕಟ್ಟುತ್ತೀರಿ. ವ್ಯವಹಾರ ಮುರಿದುಬಿದ್ದರೆ ಆ 20 ಲಕ್ಷ ಕೊಟ್ಟದ್ದಕ್ಕೆ ಸಾಕ್ಷಿಯೂ ಇಲ್ಲ.

ಬೆಲೆ 50 ಲಕ್ಷ ಅಥವಾ ಮೇಲಿದ್ದರೆ 1% ಟಿಡಿಎಸ್ ಹಿಡಿದು ಕಟ್ಟುವುದು ಕೊಳ್ಳುವವರ ಕೆಲಸ. ಮಾರುವವರು ದುಬೈಯಲ್ಲೋ ಅಮೆರಿಕದಲ್ಲೋ ನೆಲೆಸಿದ ಅನಿವಾಸಿಯಾದರೆ ಈ 1% ಲೆಕ್ಕ ನಡೆಯುವುದಿಲ್ಲ, 50 ಲಕ್ಷದ ಮಿತಿಯೂ ಇಲ್ಲ. ದರ ಬಹಳ ಹೆಚ್ಚು. ಹಿಡಿಯದೆ ಪೂರ್ತಿ ಹಣ ಕೊಟ್ಟುಬಿಟ್ಟರೆ ಆದಾಯ ತೆರಿಗೆ ಇಲಾಖೆ ಅದನ್ನು ಬಡ್ಡಿ ಸಮೇತ ಕೇಳುವುದು ಇಲ್ಲೇ ಇರುವ ನಿಮ್ಮನ್ನು. ಮಾರುವವರ ವಾಸ ಎಲ್ಲಿ ಎಂಬುದನ್ನು ಕರಾರು ಪತ್ರದಲ್ಲೇ ಬರೆಸಿಕೊಳ್ಳಿ.