ಸ್ಯಾಕ್ಸೋಫೋನಿಗೆ ಕೈ ಹಾಕುವ ಮುಂಚೆ

ಮಂಗಳೂರು ಉಡುಪಿ ಕಡೆಯ ಮದುವೆ ಮನೆಗಳಲ್ಲಿ, ದೇವಸ್ಥಾನಗಳಲ್ಲಿ ಸ್ಯಾಕ್ಸೋಫೋನ್ ಕೇಳಿದವರು ನಮ್ಮಲ್ಲಿ ಬಹಳ ಮಂದಿ. ನಮ್ಮ ಭಾಂಡುಪಿನ ಮದುವೆಗಳಲ್ಲೂ ಅದರ ಸ್ವರ ಕೇಳಿಸುತ್ತದೆ. ಮೈಯೆಲ್ಲ ಹಿತ್ತಾಳೆಯಾದರೂ ಇದು ಕೊಳಲು, ಕ್ಲಾರಿಯೊನೆಟ್‌ಗಳ ಬಳಗಕ್ಕೇ ಸೇರಿದ್ದು. ಯಾಕಂದ್ರೆ ಇದರ ನಾದ ಹುಟ್ಟುವುದು ಬಾಯಲ್ಲಿರುವ ಜೊಂಡಿನ ಸೀಳಿನಿಂದ, ಅಂದರೆ ರೀಡಿನಿಂದ. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪೇಟೆಂಟ್ ಪಡೆದ ಈ ಪರದೇಶದ ವಾದ್ಯವನ್ನು ನಮ್ಮ ರಾಗಗಳಿಗೆ ಒಗ್ಗಿಸಿ ಜಗತ್ತಿಗೆ ಕೇಳಿಸಿದವರು ಕದ್ರಿ ಗೋಪಾಲನಾಥ್ (1949–2019).

ನನ್ನ ಮಾವನಿಗೆ ಇದೇ ಹೊಟ್ಟೆಪಾಡು. ಮದುವೆ ಸೀಸನ್ನಿನಲ್ಲಿ ವಾದ್ಯ ಕೆಟ್ಟರೆ ಆ ದಿನದ ಸಂಪಾದನೆ ಹೋಯಿತು, ಒಪ್ಪಿಕೊಂಡ ಮಾತೂ ಹೋಯಿತು. ಕಾಮರ್ಸಿನವನಾದ ನಾನು ಸವಕಳಿಯ ಲೆಕ್ಕ ಕಲಿತಿದ್ದೇನೆ. ಆದರೆ ವಾದ್ಯ ಹಾಳಾಗುವುದು ಸವೆದು ಅಲ್ಲ, ಮನೆಯಲ್ಲಿ ಅರ್ಧಂಬರ್ಧ ರಿಪೇರಿ ಮಾಡಲು ಹೋದಾಗಲೇ ಹೆಚ್ಚು. "ಮೊದಲು ನೋಡು ಮಾರಾಯ, ಆಮೇಲೆ ಮುಟ್ಟು" ಅಂತಾರೆ ಮಾವ.

ನೋಡುವುದು ಏನನ್ನು? ಕೀಲಿಗಳ ಅಡಿಯಲ್ಲಿ ಚರ್ಮ ಹೊದಿಸಿದ ಪ್ಯಾಡುಗಳಿವೆ. ಅವು ರಂಧ್ರದ ಮೇಲೆ ಸರಿಯಾಗಿ ಕೂರದಿದ್ದರೆ ಗಾಳಿ ಸೋರಿ ಸ್ವರ ಹೊರಡುವುದಿಲ್ಲ. ಕತ್ತಲೆ ಕೋಣೆಯಲ್ಲಿ ಕೊಳವೆಯೊಳಗೆ ಪುಟ್ಟ ಬಲ್ಬು ಇಳಿಸಿ ಕೀಲಿ ಮೆಲ್ಲಗೆ ಒತ್ತಿದರೆ ಸೋರುವ ಕಡೆ ಬೆಳಕು ಇಣುಕುತ್ತದೆ. ಆಗ ಕೀಲಿಯನ್ನು ಹೆಬ್ಬೆರಳಿನಿಂದ ಅದುಮಿ ಬಗ್ಗಿಸುವುದು ಬೇಡ. ಒಂದು ಬಗ್ಗಿದರೆ ಅದಕ್ಕೆ ಜೋಡಿಸಿದ ಇನ್ನೊಂದೂ ಕೆಡುತ್ತದೆ. ಎಷ್ಟೋ ಸಲ ದೋಷವಿರುವುದು ಸಡಿಲಾದ ಸ್ಕ್ರೂನಲ್ಲಿ, ಇಲ್ಲವೇ ತನ್ನ ಕಚ್ಚಿನಿಂದ ಜಾರಿದ ಸೂಜಿ ಸ್ಪ್ರಿಂಗಿನಲ್ಲಿ. ಸ್ಪ್ರಿಂಗನ್ನು ಇಕ್ಕಳದಿಂದ ಎಳೆದರೆ ಪಟ್ ಅಂತ ಮುರಿಯುತ್ತದೆ. ಮನೆಯಲ್ಲಿ ಅಮ್ಮ ಲೇಸ್ ಹೆಣೆಯುವ ಕ್ರೋಷಾ ಕಡ್ಡಿ ಇದೆಯಲ್ಲ, ಅದರ ಕೊಕ್ಕೆಯಿಂದ ತಳ್ಳಿ ಮತ್ತೆ ಕಚ್ಚಿಗೆ ಕೂರಿಸಬಹುದು. ಮಾವನ ಪೆಟ್ಟಿಗೆಯಲ್ಲಿ ಅಂಥದೊಂದು ಯಾವಾಗಲೂ ಇರುತ್ತದೆ.

ಸ್ಕ್ರೂಡ್ರೈವರ್ ಸೀಳಿಗೆ ಸರಿಯಾಗಿ ಕೂರಬೇಕು. ಸಣ್ಣದಾದರೆ ಸ್ಕ್ರೂ ತಲೆ ತಿಂದುಹೋಗುತ್ತದೆ, ಮತ್ತೆ ಬಿಚ್ಚುವ ಮಾತೇ ಇಲ್ಲ. ತೀರಾ ಬಿಗಿ ಮಾಡಿದರೂ ಕೀಲಿ ಅಲ್ಲಾಡದೆ ಸಿಕ್ಕಿಕೊಳ್ಳುತ್ತದೆ. ಒಂದು ಕೀಲಿ ಬಿಚ್ಚಿ, ಜೋಡಿಸಿ, ಆಮೇಲೆ ಇನ್ನೊಂದು. ಬಿಚ್ಚಿದ ಸ್ಕ್ರೂಗಳನ್ನು ಬಿಚ್ಚಿದ ಕ್ರಮದಲ್ಲೇ ಇಡಿ. ಲೆಡ್ಜರಿನ ನಮೂದಿನ ಹಾಗೆ, ಒಂದು ಅದಲುಬದಲಾದರೆ ಕೊನೆಗೆ ಲೆಕ್ಕ ಕೂಡುವುದಿಲ್ಲ.

ನಮ್ಮ ಮುಂಬಯಿಯ ಮಳೆಗಾಲದಲ್ಲಿ ಪ್ಯಾಡುಗಳು ಅಂಟಿಕೊಳ್ಳುವ ಕಾಟ ಜಾಸ್ತಿ. ಸದಾ ಮುಚ್ಚಿಕೊಂಡೇ ಇರುವ ಜಿ-ಶಾರ್ಪ್ ಕೀಲಿಗೆ ಇನ್ನೂ ಹೆಚ್ಚು. ಸ್ಪಿರಿಟ್ ಹಚ್ಚಿದರೆ ಚರ್ಮ ಒಣಗಿ ಬಿರಿಯುತ್ತದೆ, ಪೌಡರ್ ಉದುರಿಸಿದರೆ ಉಗುಳಿನೊಂದಿಗೆ ಸೇರಿ ಕೆಸರಾಗುತ್ತದೆ. ಪ್ಯಾಡಿನ ಅಡಿಗೆ ಸಿಗರೇಟಿನ ತೆಳು ಕಾಗದ ಇಟ್ಟು ಕೀಲಿ ಹಗುರಾಗಿ ಮುಚ್ಚಿ, ತೇವ ಹೀರಿದ ಮೇಲೆ ಕೀಲಿ ತೆರೆದು ಕಾಗದ ತೆಗೆಯಿರಿ. ಮುಚ್ಚಿರುವಾಗಲೇ ಎಳೆದರೆ ಚರ್ಮ ಉಜ್ಜಿ ಹಾಳಾಗುತ್ತದೆ. ಎಣ್ಣೆ ಬೇಕಿರುವುದು ಕೀಲಿಯ ಸರಳಿನ ತುದಿಗಳಿಗೆ ಮಾತ್ರ. ಹೊಲಿಗೆ ಮೆಷಿನ್ನಿನ ಎಣ್ಣೆಯನ್ನು ಸೂಜಿಮೊನೆಯಲ್ಲಿ ಒಂದು ಹನಿ ಬಿಟ್ಟರೆ ಸಾಕು. ಕೊಬ್ಬರಿ ಎಣ್ಣೆ ಬೇಡ, ಅದು ಗಟ್ಟಿಯಾಗಿ ಜಿಗುಟಾಗುತ್ತದೆ.

ಕತ್ತು ಜೋಡಿಸುವಾಗ ಅದರ ಮೇಲಿನ ಆಕ್ಟೇವ್ ಕೀಲಿಯ ಕಂಬಿಯನ್ನು ಹಿಡಿಯಬೇಡಿ. ಎಲ್ಲಕ್ಕಿಂತ ಸುಲಭವಾಗಿ ಬಗ್ಗುವುದು ಅದೇ. ಬೆಳಿಗ್ಗೆಯ ಲೋಕಲ್ ರೈಲಿನ ಗರ್ದಿಯಲ್ಲಂತೂ ಕತ್ತನ್ನು ಕಳಚಿ ಬೇರೆಯಾಗಿಯೇ ಇಡಬೇಕು. ಕತ್ತಿನ ತುದಿಯ ಕಾರ್ಕ್ ಸವೆದು ಬಾಯಿ ಸಡಿಲಾಗಿದ್ದರೆ, ಕೂಡಲೇ ಗಟ್ಟಿಯಾಗುವ ಅಂಟು ಸುರಿಯುವ ಬದಲು ನಲ್ಲಿ ಕೆಲಸದವರ ಬಿಳಿ ಟೇಪು ಎರಡು ಸುತ್ತು ಸುತ್ತಿ. ಮುಂದೆ ಹೊಸ ಕಾರ್ಕ್ ಹಾಕುವವನಿಗೆ ಅದನ್ನು ಬಿಚ್ಚುವುದು ಸುಲಭ.

ಬಿದಿರು ಕೊಳಲಿನವರಿಗೆ ಒಂದೇ ಮಾತು: ಬಿರುಕು ಬಿಟ್ಟರೆ ಹೊರಗಿನಿಂದ ನೂಲಿನಲ್ಲಿ ಒತ್ತೊತ್ತಾಗಿ ಬಿಗಿದು ಕಟ್ಟಿ. ಊದುವ ರಂಧ್ರದ ಅಂಚಿಗೆ ಅಂಟಾಗಲಿ ಮರಳು ಕಾಗದವಾಗಲಿ ಸೋಕಲೇಬಾರದು, ನಾದವೆಲ್ಲ ಇರುವುದು ಆ ಅಂಚಿನಲ್ಲಿ.

ನೆಗ್ಗಿದ ಹಿತ್ತಾಳೆ ಮತ್ತು ಬೆಸುಗೆ ಬಿಟ್ಟ ಕಂಬ, ಇವೆರಡನ್ನು ಮಾತ್ರ ಮಾವ ಮುಟ್ಟುವುದಿಲ್ಲ. ನೆಗ್ಗು ಎತ್ತಲು ಒಳಗಿನಿಂದ ಆನಿಸುವ ತಕ್ಕ ಅಚ್ಚು ಬೇಕು, ಕೋಲು ತೂರಿಸಿ ತಳ್ಳಿದರೆ ಇನ್ನೊಂದು ಕಡೆ ಉಬ್ಬುತ್ತದೆ. ಬೆಂಕಿ ತಾಗಿದರೆ ಮೈಯ ಹೊಳಪೂ ಸುಟ್ಟುಹೋಗುತ್ತದೆ, ಪಕ್ಕದ ಪ್ಯಾಡೂ. ಅಂಥ ಹೊತ್ತಿನಲ್ಲಿ ಅವರು ಬೇರೆ ವಾದ್ಯ ಎರವಲು ತಂದು ಮದುವೆ ಮುಗಿಸಿ, ಮರುದಿನ ತಮ್ಮದನ್ನು ರಿಪೇರಿಯವನ ಬಳಿಗೆ ಒಯ್ಯುತ್ತಾರೆ.