ರೈಲಿನ ಹೊಟ್ಟೆ ಸೇರಿದ ಕರೆಂಟು

ಮಕ್ಕಳೇ, ಬ್ಯಾಂಕಿನಲ್ಲಿ ಲೆಡ್ಜರ್ ಬರೆದೇ ವಯಸ್ಸು ಕಳೆದ ನನಗೆ ನಿವೃತ್ತಿಯ ಮೇಲೆ ಹತ್ತಿದ ಹುಚ್ಚು ಮಾದರಿ ರೈಲಿನದು. ನಮ್ಮ ಮನೆಯದು ಎಚ್‌ಒ ಅಳತೆಯದು. ಅಂದರೆ ನಿಜವಾದ ರೈಲಿನ 87ರಲ್ಲಿ ಒಂದು ಪಾಲು. 12 ವೋಲ್ಟ್ ಕರೆಂಟು ಎರಡು ಹಳಿಗಳಲ್ಲಿ ಬಂದು, ಚಕ್ರಗಳ ಮೂಲಕ ಎಂಜಿನ್ನಿನ ಮೋಟಾರು ಸೇರುತ್ತದೆ. ಹಳಿಯ ಮೇಲೆ ಧೂಳು ಕೂತರೆ ಸಾಕು, ರೈಲು ಅಲ್ಲೇ ನಿಂತುಬಿಡುತ್ತದೆ.

ಮೊಮ್ಮಗನ ಹುಟ್ಟುಹಬ್ಬದ ದಿನ ಹಾಗೇ ಆಯಿತು. ಗೆಳೆಯರೆಲ್ಲ ನೋಡುತ್ತಿದ್ದಂತೆ ರೈಲು ನಾಲ್ಕು ಸಲ ನಿಂತಿತು. ನಾನು ಮಂಡಿಯೂರಿ ಹಳಿ ಒರೆಸಿದೆ. ಏಳಲಾಗದೆ ಗೋಡೆ ಹಿಡಿದೆ. ಅವನ ಮುಖ ಬಾಡಿತು. ರಾತ್ರಿ ಕೇಳಿದ: "ತಾತ, ಟಾರ್ಚಿನ ಹಾಗೆ ರೈಲಿನ ಹೊಟ್ಟೆಯಲ್ಲೇ ಬ್ಯಾಟರಿ ಇಟ್ಟರೆ?"

ಹಾಗೇ ಮಾಡಿದೆವು. ಎಂಜಿನ್ನಿನಲ್ಲಿ ಜಾಗವಿರಲಿಲ್ಲ. ಹಿಂದಿನ ವ್ಯಾಗನ್ನಿನಲ್ಲಿ 3.7 ವೋಲ್ಟಿನ ಪುಟ್ಟ ಲಿಥಿಯಂ ಬ್ಯಾಟರಿ, ವೋಲ್ಟೇಜ್ ಏರಿಸುವ ಬೋರ್ಡು, ರಿಮೋಟಿನ ಮಾತು ಕೇಳುವ ರೇಡಿಯೋ ರಿಸೀವರ್ ಕೂರಿಸಿದೆವು. ಅಲ್ಲಿಂದ ಮೋಟಾರಿಗೆ ಎರಡು ತಂತಿ. ಚಕ್ರದಿಂದ ಮೋಟಾರಿಗಿದ್ದ ಹಳೆಯ ತಂತಿಗಳನ್ನು ಮೊದಲೇ ಕತ್ತರಿಸಿದ್ದೆವು. ಇಲ್ಲವಾದರೆ ಬ್ಯಾಟರಿಯ ಕರೆಂಟು ಹಳಿಗೂ ಹರಿಯುತ್ತದೆ. ಈಗ ಹಳಿಯ ಕೆಲಸ ದಾರಿ ತೋರಿಸುವುದಷ್ಟೇ.

ಬ್ಯಾಟರಿಯೂ ಉಳಿತಾಯ ಖಾತೆಯಂತೆ, ತುಂಬಿದಷ್ಟೇ ತೆಗೆಯಬಹುದು. ಲಿಥಿಯಂ ಬ್ಯಾಟರಿಯನ್ನು ಅದಕ್ಕೆಂದೇ ಇರುವ ಚಾರ್ಜರಿನಲ್ಲಿ, ಹಿರಿಯರ ಎದುರೇ ಚಾರ್ಜ್ ಮಾಡಿ. ಉಬ್ಬಿದ್ದನ್ನು ಬಳಸಲೇಬೇಡಿ.

ಮೊನ್ನೆ ಮಂಚದ ಕೆಳಗಿನ ಧೂಳಿನಲ್ಲೂ ರೈಲು ನಿಲ್ಲದೆ ಓಡಿತು. ರಿಮೋಟು ಮೊಮ್ಮಗನ ಕೈಯಲ್ಲಿತ್ತು. ನಾನು ಕುರ್ಚಿಯಲ್ಲಿ ಕೂತೇ ನೋಡಿದೆ.