ಕೋವಿಯ ನಳಿಗೆ: ಕೂಡಿಸುವ ಮತ್ತು ಬಿಡಿಸುವ ಕ್ರಮ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಸೀಮೆಯು ಮೂರನೆಯ ಮೈಸೂರು ಯುದ್ಧದಲ್ಲಿ ಸೇನೆಗಳು ಸಂಚರಿಸಿದ ನೆಲ. ೧೭೯೧ರ ಡಿಸೆಂಬರಿನಲ್ಲಿ ಸಾವನದುರ್ಗವೂ ರಾಮಗಿರಿಯೂ ಕಾರ್ನ್‌ವಾಲಿಸನ ಸೇನೆಗೆ ವಶವಾದವು. ಇಂಥ ಸೀಮೆಯ ಚರಿತ್ರೆಗೆ ಹಳೆಯ ಕೋವಿಯೂ ಒಂದು ಆಧಾರವೇ ಸರಿ. ಟಿಪ್ಪುವಿನ ಶ್ರೀರಂಗಪಟ್ಟಣದ ಕೋವಿಗಳಲ್ಲಿ ಕೆಲವಕ್ಕೆ ಮೌಲೂದಿ ಶಕೆಯ ವರ್ಷವನ್ನು ಕೆತ್ತಿರುವುದುಂಟು. ಆದರೆ ನಳಿಗೆಯ ಮೇಲಿನ ವರ್ಷವೊಂದನ್ನೇ ಓದಿ ಇಡೀ ಆಯುಧದ ಕಾಲವನ್ನು ನಿರ್ಣಯಿಸುವುದು ಸಾಧುವಲ್ಲ. ನಳಿಗೆಯು ಬಿಡಿಸಿ ಬದಲಿಸಬಹುದಾದ ಅಂಗ. ಆದಕಾರಣ ಅದರ ಜೋಡಣೆಯ ಕ್ರಮವನ್ನು ನಾವು ಅರಿತಿರಬೇಕು.

ಬತ್ತಿಯಿಂದ ಸಿಡಿಸುವ ನಮ್ಮ ದೇಶದ ಹಳೆಯ ಕೋವಿಗಳಲ್ಲಿ ನಳಿಗೆಯನ್ನು ಸಾಮಾನ್ಯವಾಗಿ ತಂತಿ, ತೊಗಲು ಅಥವಾ ಲೋಹದ ಪಟ್ಟಿಯಿಂದ ಮರದ ಹಿಡಿಗೆ ಬಿಗಿಯುತ್ತಿದ್ದರು. ಕಟ್ಟನ್ನು ಬಿಚ್ಚಿದರೆ ನಳಿಗೆ ಬೇರೆಯಾಗುವುದು. ಚಕಮಕಿ ಕಲ್ಲಿನ ಕೋವಿಯಲ್ಲಿ ನಳಿಗೆಯ ಹಿಂಬಾಯಿಯನ್ನು ತಿರುಪಿನ ಬಿರಟೆಯಿಂದ ಮುಚ್ಚುತ್ತಿದ್ದರು. ಬಿರಟೆಯ ಬಾಲವನ್ನು ತಿರುಪಿನಿಂದಲೂ, ನಳಿಗೆಯ ಉದ್ದಕ್ಕಿರುವ ಕಿವಿಗಳನ್ನು ಅಡ್ಡ ಆಣಿಗಳಿಂದಲೂ ಮರಕ್ಕೆ ಸೇರಿಸುತ್ತಿದ್ದರು. ಇಲ್ಲಿ ಆಣಿ, ತಿರುಪುಗಳನ್ನು ತೆಗೆದರೆ ನಳಿಗೆ ಬಿಡುವುದು. ಬಿರಟೆಯನ್ನು ಕದಲಿಸುವ ಅಗತ್ಯವಿಲ್ಲ.

ಇಪ್ಪತ್ತನೆಯ ಶತಮಾನದ ರೈಫಲ್ಲಿನ ಕ್ರಮ ಬೇರೆ. ಈಶಾಪುರದ ಕಾರ್ಖಾನೆಯಲ್ಲಿ ತಯಾರಾದ ಲೀ-ಎನ್‌ಫೀಲ್ಡ್ ರೈಫಲ್ಲಿನಲ್ಲಿ ನಳಿಗೆಯ ಬುಡವನ್ನೇ ತಿರುಪಾಗಿ ಕೊರೆದು ಉಕ್ಕಿನ ಕವಚಕ್ಕೆ ಬಿಗಿದಿದೆ. ಅದನ್ನು ಬಿಡಿಸಲು ನಳಿಗೆಯನ್ನು ವೈಸಿನಲ್ಲಿ ಹಿಡಿದು ಕವಚವನ್ನು ತಿರುಗಿಸಬೇಕು. ಮತ್ತೆ ಕೂಡಿಸುವಾಗ ಎರಡು ವಿಷಯ ಮುಖ್ಯ. ಮೊದಲನೆಯದು, ನಳಿಗೆಯ ಅಕ್ಷವೂ ಕವಚದ ಅಕ್ಷವೂ ಒಂದಾಗಬೇಕು. ಚನ್ನಪಟ್ಟಣದ ಲೇತಿನಲ್ಲಿ ಹಾಲೆಮರದ ತುಂಡು ನಡುಗೆರೆ ತಪ್ಪಿ ಕುಳಿತರೆ ಬೊಂಬೆ ಓರೆಯಾಗುವುದನ್ನು ನೋಡಿದವರಿಗೆ ಈ ತತ್ತ್ವ ಸುಲಭವಾಗಿ ಮನದಟ್ಟಾಗುತ್ತದೆ. ಎರಡನೆಯದು, ಮುಚ್ಚಿದ ಬೋಲ್ಟಿಗೂ ತೋಟಾವನ್ನು ತಡೆದು ನಿಲ್ಲಿಸುವ ಅಂಚಿಗೂ ನಡುವಣ ಅಂತರ. ಅದು ಕಿರಿದಾದರೆ ಬೋಲ್ಟು ಮುಚ್ಚದು. ಹಿರಿದಾದರೆ ತೋಟಾದ ಕವಚ ಸೀಳಿ ಬಿಸಿ ಅನಿಲವು ಹಾರಿಸುವವನ ಮುಖದತ್ತ ನುಗ್ಗಬಹುದು. ಆದ್ದರಿಂದ ನಳಿಗೆಯನ್ನು ಬದಲಿಸಿದಾಗಲೆಲ್ಲ ಈ ಅಂತರವನ್ನು ಅಳತೆಗಟ್ಟೆಗಳಿಂದ ಪರೀಕ್ಷಿಸುವುದು ಅನಿವಾರ್ಯ.

ಪ್ರಾಚೀನ ವಸ್ತುವನ್ನು ಪರಿಶೀಲಿಸುವವರು ಬಿಡಿಸುವುದಕ್ಕಿಂತ ಮೊದಲು ನೋಡುವುದನ್ನು ಕಲಿಯಬೇಕು. ಹಿಡಿಯಲ್ಲಿ ಮುಚ್ಚಿಹೋದ ಹಳೆಯ ಆಣಿತೂತು, ನಳಿಗೆಯ ಮೈಗೆ ಹೊಂದದ ಮರದ ತೋಡು, ತಿರುಪಿನ ತಲೆಯ ಮೇಲಿನ ಹೊಸ ಗೀರು, ಇವೆಲ್ಲ ನಳಿಗೆ ಬದಲಾಗಿರಬಹುದೆಂಬುದರ ಸೂಚನೆಗಳು. ತುಕ್ಕು ಹಿಡಿದ ಬಿರಟೆಯನ್ನು ಬಲವಂತದಿಂದ ತಿರುಗಿಸಿದರೆ ಲೋಹದೊಂದಿಗೆ ಸಾಕ್ಷ್ಯವೂ ಮುರಿಯುತ್ತದೆ. ಬಾಯಿಂದ ತುಂಬುವ ಕೋವಿಯೊಳಗೆ ಹಳೆಯ ಮದ್ದು ಇನ್ನೂ ಉಳಿದಿರಬಹುದಾದ್ದರಿಂದ ಅಪಾಯವೂ ಇದೆ. ಮರದ ಕಡ್ಡಿಯನ್ನು ಒಳಗಿಳಿಸಿ, ಅದು ಇಳಿದ ಆಳವನ್ನು ನಳಿಗೆಯ ಹೊರಗಿನ ಉದ್ದದೊಡನೆ ಹೋಲಿಸಿದರೆ ಒಳಗೆ ಏನಾದರೂ ಉಂಟೇ ಎಂಬುದು ತಿಳಿಯುತ್ತದೆ. ೧೯೫೯ರ ಶಸ್ತ್ರಾಸ್ತ್ರ ಕಾನೂನಿನಂತೆ ಬಂದೂಕಿನ ದುರಸ್ತಿ ಪರವಾನಗಿ ಪಡೆದವರ ಕೆಲಸ. ವಿದ್ಯಾರ್ಥಿಯ ಕೆಲಸ ಜೋಡಣೆಯ ಗುರುತುಗಳನ್ನು ಅಳೆದು, ಚಿತ್ರಿಸಿ, ಬರೆದಿಡುವುದು. ನಳಿಗೆಯ ಬರಹಕ್ಕೆ ಬೆಲೆ ಕಟ್ಟಬೇಕಾದದ್ದು ಆ ಬಳಿಕ.